ಷರಾ ಬರೆಯಲು ಕಲಿಸಿದ ಕೋರ್ಸು

1987ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಪಾಠ ಶುರು ಮಾಡಿದಾಗ ಅದರ ಕೈಯಲ್ಲಿದ್ದದ್ದು ಎರಡೇ ಕೋರ್ಸು. ಒಂದು ಮ್ಯಾನೇಜ್‌ಮೆಂಟ್ ಡಿಪ್ಲೊಮಾ, ಅದಕ್ಕೆ ಗಿರಾಕಿ ಇದ್ದೇ ಇದ್ದರು. ಇನ್ನೊಂದು ದೂರಶಿಕ್ಷಣದ್ದೇ ಡಿಪ್ಲೊಮಾ. ಮುಖ ಕಾಣದ ವಿದ್ಯಾರ್ಥಿಗೆ ಪಾಠ ಹೇಳುವುದು ಹೇಗೆಂದು, ಮುಖ ಕಾಣದ ಮೇಷ್ಟ್ರುಗಳಿಗೆ ಅಂಚೆಯಲ್ಲೇ ಹೇಳಿಕೊಡುವ ಕೋರ್ಸು ಅದು. ಎರಡಕ್ಕೂ ಸೇರಿ ಮೊದಲು ದಾಖಲಾದವರು 4,528 ಮಂದಿ. ಲಕ್ಷಗಳ ಲೆಕ್ಕದಲ್ಲಿ ಮಾತಾಡುವ ಇಂದಿನ ಇಗ್ನೋದ ಚರಿತ್ರೆಯಲ್ಲಿ ಈ ಎರಡನೆಯ ಕೋರ್ಸಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ನನಗೋ, ಅದರ ಪಠ್ಯದ ಒಂದು ಭಾಗ ಓದಿದಾಗಿನಿಂದ ತಲೆಯಿಂದ ಇಳಿದಿಲ್ಲ.

ವಿದ್ಯಾರ್ಥಿಯ ಅಸೈನ್‌ಮೆಂಟಿನ ಅಂಚಿನಲ್ಲಿ ಮೇಷ್ಟ್ರು ಬರೆಯುವ ಷರಾ ಎಂಥದಿರಬೇಕು ಎಂಬುದು ಅಲ್ಲಿನ ವಿಷಯ. ನಮ್ಮ ಅಲಂಕಾರಶಾಸ್ತ್ರಜ್ಞರು ಕಾವ್ಯದೋಷಗಳನ್ನು ಪಟ್ಟಿ ಮಾಡಿದಷ್ಟೇ ಶ್ರದ್ಧೆಯಿಂದ ಅಲ್ಲಿ ಷರಾಗಳನ್ನು ವಿಂಗಡಿಸಿದ್ದಾರೆ. ‘ಚೆನ್ನಾಗಿದೆ’ ಎಂದು ಗೀಚಿ ಯಾಕೆ ಚೆನ್ನಾಗಿದೆ ಎಂದು ಹೇಳದಿದ್ದರೆ ಅದು ಟೊಳ್ಳು ಷರಾ. ಮಾತು ಬೇಕಿದ್ದ ಕಡೆ ಅಂಚನ್ನು ಖಾಲಿ ಬಿಟ್ಟರೆ ಶೂನ್ಯ ಷರಾ. ವಿದ್ಯಾರ್ಥಿಯ ದಾರಿ ತಪ್ಪಿಸುವುದು, ಮನಸ್ಸು ಮುರಿಯುವುದು ಬೇರೆ ಬೇರೆ ಬಗೆ. ಇವೆಲ್ಲ ಕಳೆದು ಉಳಿಯುವುದು ರಚನಾತ್ಮಕ ಷರಾ: ತಪ್ಪು ಎಲ್ಲಾಯಿತು, ಮುಂದಿನ ಸಲ ಏನು ಓದಿಕೊಂಡು ಬರೆಯಬೇಕು ಎನ್ನುವುದು. ಅಷ್ಟಕ್ಕೇ ನಿಲ್ಲದೆ, ಷರಾದಲ್ಲಿ ವಿಷಯದ ಮಾತಿನ ಜೊತೆಗೆ ಒಂದು ವೈಯಕ್ತಿಕ ಮಾತೂ ಇರಬೇಕೆಂದು ಪಠ್ಯ ಹೇಳುತ್ತದೆ. ಒಂಟಿಯಾಗಿ ಕೂತು ಓದುವವನಿಗೆ ತನ್ನ ಹಾಳೆಯನ್ನು ಯಾರೋ ಓದಿದ್ದಾರೆ ಎಂದು ಗೊತ್ತಾಗಬೇಕಲ್ಲ!

ಇಂಥ ಷರಾ ಬೇಕಾದವರು ಯಾರೆಂದು ನೋಡಲು ದಿಲ್ಲಿಯ ದ್ವಾರಕಾಕ್ಕೆ ಬನ್ನಿ. ಅಲ್ಲಿ ಉನ್ನತ ಶಿಕ್ಷಣಕ್ಕೇನೂ ಬರವಿಲ್ಲ. ಸೆಕ್ಟರ್ 3ರಲ್ಲಿ ನೇತಾಜಿ ಸುಭಾಸ್ ತಾಂತ್ರಿಕ ವಿ.ವಿ., 14ರಲ್ಲಿ ರಾಷ್ಟ್ರೀಯ ಕಾನೂನು ವಿ.ವಿ., 16-ಸಿಯಲ್ಲಿ ಇಂದ್ರಪ್ರಸ್ಥ ವಿ.ವಿ. ಎಲ್ಲಕ್ಕೂ ದೊಡ್ಡ ಗೇಟು, ಹುಲ್ಲುಹಾಸು. ಆದರೆ ಸೆಕ್ಟರ್ 7ರ ಮಗ್ಗುಲಿನ ಶಹೀದ್ ರಾಮ್‌ಫಲ್ ಚೌಕದ ಹತ್ತಿರ, ಪಾಲಂ ಎಕ್ಸ್‌ಟೆನ್ಷನ್‌ನ ಗಿಜಿಗಿಜಿಯಲ್ಲಿ ವರ್ಷಗಟ್ಟಲೆ ನಡೆದ ಇಗ್ನೋದ ದೆಹಲಿ–3 ಪ್ರಾದೇಶಿಕ ಕೇಂದ್ರಕ್ಕೆ ಆ ಠೀವಿ ಇರಲಿಲ್ಲ. ಕೆಲಸ ಬಿಡಲಾಗದವರು, ಮದುವೆಯಾಗಿ ಓದು ಬಿಟ್ಟವರು ಪದವಿ ಮುಗಿಸಿಕೊಂಡದ್ದು ಇಂಥ ಕಡೆಯೇ.

ಅಸೈನ್‌ಮೆಂಟನ್ನು ತಿದ್ದಿ ವಾಪಸು ಕಳಿಸುವ ಪದ್ಧತಿಯ ಮೂಲ ಹುಡುಕಿದರೆ ಐಸಾಕ್ ಪಿಟ್ಮನ್ ಸಿಗುತ್ತಾನೆ. ಶಾರ್ಟ್‌ಹ್ಯಾಂಡ್ ಪಾಸು ಮಾಡಿಕೊಂಡು ದಿಲ್ಲಿಯ ರೈಲು ಹತ್ತಿದ ಹಳೆ ತಲೆಮಾರಿನ ಕನ್ನಡಿಗರಿಗೆ ಆ ಹೆಸರನ್ನು ಪರಿಚಯಿಸಬೇಕಿಲ್ಲ. ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ಕಾಗದ ಹೋಗತೊಡಗಿದ್ದು 1840ರಲ್ಲಿ. ಅದೇ ಹೊತ್ತಿಗೆ ಪಿಟ್ಮನ್ ತನ್ನ ಲಿಪಿಯ ಪಾಠವನ್ನು ಅಂಚೆಗೆ ಹಾಕಿದ. ಕಲಿಯುವವರು ಬೈಬಲ್ಲಿನ ಸಾಲುಗಳನ್ನು ಶಾರ್ಟ್‌ಹ್ಯಾಂಡಿಗೆ ಇಳಿಸಿ ಕಳಿಸಬೇಕು, ಆತ ತಿದ್ದಿ ಹಿಂತಿರುಗಿಸಬೇಕು. ಆ ತಿದ್ದುಪಡಿಯೇ ಅಲ್ಲಿ ಪಾಠ.

ನಮ್ಮಲ್ಲಿ ದಿಲ್ಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ತೆರೆದವು. ಮುಂದಿನ ಎರಡು ದಶಕಗಳನ್ನು ಹಾರಿಸಿಬಿಡಬಹುದು. ಪಾಠಗಳೇನೋ ಹೋದವು, ಉತ್ತರ ಬರೆದು ಕಳಿಸಿದವರು ಕಡಿಮೆ. ಕಡ್ಡಾಯವಲ್ಲದ್ದನ್ನು ಯಾರು ಬರೆದಾರು?

ಈ ಗಂಟು ಬಿಚ್ಚಲು ಕೂತವರು ಜಿ. ರಾಮ ರೆಡ್ಡಿ. ಪಂಚಾಯತ್ ರಾಜ್ ಅಧ್ಯಯನ ಮಾಡಿದ ಪ್ರಾಧ್ಯಾಪಕ. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿ.ವಿ.ಯನ್ನು ಕಟ್ಟಿ, 1985ರಲ್ಲಿ ಇಗ್ನೋದ ಮೊದಲ ಕುಲಪತಿಯಾಗಿ ದಿಲ್ಲಿಗೆ ಬಂದವರು. ಪಾಠ ಹೇಳುವವರನ್ನೇ ಮೊದಲು ತಯಾರು ಮಾಡುವ ಡಿಪ್ಲೊಮಾ ಅವರ ಕಾಲದ್ದು ಎನ್ನುವುದಕ್ಕೇ ನಾನು ಅವರ ಪಕ್ಷಪಾತಿ. ಇಗ್ನೋ ಅಸೈನ್‌ಮೆಂಟಿಗೆ ಅಂಕ ಕಟ್ಟಿತು. ಹೆಚ್ಚಿನ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ಶೇ 30, ಪರೀಕ್ಷೆಗೆ ಶೇ 70. ಇನ್ನು ಬರೆಯದೆ ವಿಧಿಯಿಲ್ಲ.

ಎಲ್ಲರೂ ಬರೆದರು. ಎಡವಟ್ಟಾದದ್ದೂ ಅಲ್ಲೇ. ಅಂಕವಿಲ್ಲದಾಗ ಬರೆಯುತ್ತಿರಲಿಲ್ಲ, ಅಂಕ ಬಂದ ಮೇಲೆ ಅಂಕಕ್ಕಷ್ಟೇ ಬರೆದರು. ಗಡುವು ಹತ್ತಿರ ಬಂದಾಗ ಜೆರಾಕ್ಸ್ ಅಂಗಡಿಗಳಲ್ಲಿ ‘ಸಾಲ್ವ್ಡ್ ಅಸೈನ್‌ಮೆಂಟ್’ ಬಿಕರಿಗೆ ಬಂತು. ಕೈಬರಹವೇ ಆಗಬೇಕೆಂಬ ನಿಯಮಕ್ಕೂ ಮದ್ದು ಸಿಕ್ಕಿತು, ದುಡ್ಡು ಕೊಟ್ಟರೆ ಬರೆದುಕೊಡುವವರೂ ಹುಟ್ಟಿಕೊಂಡರು. ಒಂದೇ ಉತ್ತರದ ಕಂತೆ ಕಂತೆ ಪ್ರತಿ ಮುಂದೆ ಬಿದ್ದ ಮೇಲೆ ಮೇಷ್ಟ್ರಾದರೂ ಅಂಚಿನಲ್ಲಿ ಯಾರಿಗೆಂದು ಬರೆಯಬೇಕು? ನಾರ್ವೆಯ ಟೋರ್ಸ್ಟೈನ್ ರೆಕ್ಕೆಡಾಲ್ ಎಂಬ ಸಂಶೋಧಕ, ತಿದ್ದಿದ ಹಾಳೆ ಕೆಲವೇ ದಿನ ಬೇಗ ಕೈಸೇರಿದರೂ ಕೋರ್ಸು ಮುಗಿಸುವವರು ಹೆಚ್ಚುತ್ತಾರೆ ಎಂದು ಪ್ರಯೋಗ ಮಾಡಿ ತೋರಿಸಿದ್ದ. ನಮ್ಮಲ್ಲಿ ಅದೆಷ್ಟೋ ಜನ ತಿದ್ದಿದ ಹಾಳೆಯನ್ನು ಕಣ್ಣಲ್ಲಿ ನೋಡದೆಯೇ ಗ್ರೇಡ್ ಕಾರ್ಡ್ ನೋಡಿಕೊಂಡರು.

ಆನ್‌ಲೈನ್ ಬಂದಾಗ ಇದೆಲ್ಲ ಸರಿಹೋಗಬೇಕಿತ್ತು. ಅಂಚೆಯ ವಿಳಂಬವಿಲ್ಲ, ಹಾಳೆ ಕಳೆದುಹೋಗುವ ಭಯವಿಲ್ಲ. ಐಐಟಿಗಳ ಎನ್‌ಪಿಟಿಇಎಲ್ ಕೋರ್ಸು ತೆಗೆದುಕೊಳ್ಳಿ. 12 ವಾರದ ಕೋರ್ಸಿನಲ್ಲಿ ವಾರಕ್ಕೊಂದು ಅಸೈನ್‌ಮೆಂಟ್, ಒಳ್ಳೆಯ 8ರ ಸರಾಸರಿಗೆ ಶೇ 25, ಪರೀಕ್ಷೆಗೆ ಶೇ 75. ಬಹುಪಾಲು ಬಹು ಆಯ್ಕೆಯ ಪ್ರಶ್ನೆಗಳು. ಗಡುವು ಮುಗಿದ ಮೇಲೆ ಸರಿಯುತ್ತರ ತೆರೆಯ ಮೇಲೆ ಬರುತ್ತದೆ. ಸಾವಿರಾರು ಜನಕ್ಕೆ ಏಕಕಾಲಕ್ಕೆ ಪಾಠ ತಲುಪಿಸುವ ಆ ಸಾಹಸವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ‘ಬಿ’ ಅಲ್ಲ ‘ಸಿ’ ಎಂದು ತಿಳಿದವನಿಗೆ ತಾನು ‘ಬಿ’ ಕಡೆ ಯಾಕೆ ವಾಲಿದೆ ಎನ್ನುವುದು ತಿಳಿಯುವುದಿಲ್ಲ. ಇನ್ನು 2020ರ ಆಗಸ್ಟಿನಲ್ಲಿ ದಿಲ್ಲಿ ವಿಶ್ವವಿದ್ಯಾಲಯ ನಡೆಸಿದ ‘ಪುಸ್ತಕ ತೆರೆದ’ ಪರೀಕ್ಷೆ: ಬರೆಯಲು ಇಷ್ಟು ಹೊತ್ತು, ಡೌನ್‌ಲೋಡ್ ಅಪ್‌ಲೋಡಿಗೆ ಇನ್ನಿಷ್ಟು. ಹೈಕೋರ್ಟಿನವರೆಗೂ ಹೋದ ಜಗಳವೆಲ್ಲ ನೆಟ್‌ವರ್ಕ್, ಪೋರ್ಟಲ್‌ಗಳದ್ದು. ಉತ್ತರ ಓದಿದವರು ಒಂದು ಸಾಲು ಬರೆದು ಕಳಿಸುತ್ತಾರೆಯೇ ಎಂಬುದು ಆ ಗದ್ದಲದಲ್ಲಿ ದೊಡ್ಡ ಪ್ರಶ್ನೆಯಾಗಲೇ ಇಲ್ಲ.

ಕೋವಿಡ್ ಕಾಲದಲ್ಲಿ ಇಗ್ನೋ ಅಸೈನ್‌ಮೆಂಟುಗಳೂ ಆನ್‌ಲೈನ್ ದಾರಿ ಹಿಡಿದವು. ಕೈಯಲ್ಲೇ ಬರೆಯಬೇಕು, ಬರೆದದ್ದನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿಸಿ ಕಳಿಸಬೇಕು. ಈಗಂತೂ ಉತ್ತರ ಹೇಳಿಕೊಡಲು ಚಾಟ್‌ಜಿಪಿಟಿ ಇದೆ. ಅದು ಹೇಳಿದ್ದನ್ನು ನೀಲಿ ಪೆನ್ನಿನಲ್ಲಿ ನಕಲು ಮಾಡಿದರೆ ನಿಯಮದ ಪ್ರಕಾರ ಕೈಬರಹವೇ. ಅದನ್ನು ಓದಿ ಅಂಚಿನಲ್ಲಿ ‘ಚೆನ್ನಾಗಿದೆ’ ಎಂದು ಬರೆದರೆ, 1987ರ ಪಠ್ಯ ಅದನ್ನು ಟೊಳ್ಳು ಷರಾ ಎಂದೀತು. ಆ ಉತ್ತರವನ್ನು ಯಾವ ಗುಂಪಿಗೆ ಸೇರಿಸಬೇಕೆಂದು ಹೇಳುವ ಪಾಠವನ್ನು ಮಾತ್ರ ಇನ್ನು ಯಾರಾದರೂ ಬರೆಯಬೇಕು.