ತಾತನ ಕೈಗೊಂದು ಕಾಫಿ ಲೋಟ

ತಿಗರಿ ಇಲ್ಲದೆ ಮಡಕೆ ಆಗುತ್ತದೆಯೇ? ತಿಗರಿ ಎಂದರೆ ಗೊತ್ತಲ್ಲ ಮಕ್ಕಳೇ, ಕುಂಬಾರರು ಮಣ್ಣಿನ ಮುದ್ದೆ ಇಟ್ಟು ತಿರುಗಿಸುವ ಚಕ್ರ. ಅದು ಬರುವುದಕ್ಕೆ ಎಷ್ಟೋ ಮೊದಲೇ ಜನ ಮಣ್ಣಿನ ಪಾತ್ರೆ ಮಾಡುತ್ತಿದ್ದರು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ನೆಲ ಅಗೆದಾಗ, ಕಲ್ಲಿನ ಕೊಡಲಿ ಬಳಸುತ್ತಿದ್ದ ಕಾಲದ ಮಡಕೆ ಚೂರುಗಳು ಸಿಕ್ಕವು. ಅವುಗಳಲ್ಲಿ ಬಹುಪಾಲು ಕೈಯಿಂದಲೇ ಮಾಡಿದವು. ಅಗೆಸಿದವರ ಹೆಸರು ಮಾರ್ಟಿಮರ್ ವೀಲರ್. ಇಂಗ್ಲಿಷಿನಲ್ಲಿ ವೀಲ್ ಎಂದರೆ ಚಕ್ರ. ಚಕ್ರವಿಲ್ಲದ ಮಡಕೆ ಸಿಕ್ಕಿದ್ದು ವೀಲರ್ ಸಾಹೇಬರಿಗೆ, ನೋಡಿ ತಮಾಷೆ!

ಮಣಿಪುರದ ಲೋಂಗ್ಪಿ ಎಂಬ ಊರಿನಲ್ಲಿ ಒಂದು ಬಗೆಯ ಕಲ್ಲಿನ ಪುಡಿಯನ್ನು ಮಣ್ಣಿಗೆ ಬೆರೆಸಿ, ತಿಗರಿ ಮುಟ್ಟದೆ, ಕಪ್ಪನೆಯ ಪಾತ್ರೆಗಳನ್ನು ಇವತ್ತಿಗೂ ಮಾಡುತ್ತಾರೆ. ಜಪಾನಿನ ಕ್ಯೋಟೊ ನಗರದಲ್ಲಿ 16ನೇ ಶತಮಾನದಲ್ಲಿ ಚೋಜಿರೊ ಎಂಬಾತ, ಚಹಾ ಗುರು ಸೆನ್ ನೊ ರಿಕ್ಯೂ ಅವರಿಗಾಗಿ ಕೈಯಿಂದಲೇ ಬಟ್ಟಲುಗಳನ್ನು ರೂಪಿಸಿದ. ರಾಕು ಎಂದು ಹೆಸರಾದ ಆ ಬಟ್ಟಲುಗಳನ್ನು ಅದೇ ಮನೆತನ ಇಂದಿಗೂ ಮಾಡುತ್ತಿದೆ. ಅವಕ್ಕೆ ಹಿಡಿ ಇಲ್ಲ. ಎರಡೂ ಅಂಗೈಯಲ್ಲಿ ತುಂಬಿಕೊಂಡು ಕುಡಿಯಬೇಕು.

ಈ ಎರಡು ಕೈಯ ಮಾತು ನನ್ನ ತಲೆಯಲ್ಲಿ ನಿಂತುಬಿಟ್ಟಿತು. ಕಾರಣ ನಮ್ಮ ಯಜಮಾನರು. ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ಡಾಕ್ಟರು ಔಷಧಿ ಕೊಟ್ಟಿದ್ದಾರೆ, ನಡುಕ ಪೂರ್ತಿ ಹೋಗಿಲ್ಲ. ಮನೆಯಲ್ಲಿ ನಾವಷ್ಟೇ ಇದ್ದರೆ ಅರ್ಧ ಲೋಟ ಕಾಫಿ ಕುಡಿಯುತ್ತಾರೆ. ನೆಂಟರು ಬಂದರೆ ಮಾತ್ರ “ಬೇಡ, ಈಗ ತಾನೇ ಆಯಿತು” ಎನ್ನುತ್ತಾರೆ. ಅದು ಸುಳ್ಳು ಎಂದು ಮೊದಲು ಕಂಡುಹಿಡಿದವಳು ಆರನೇ ಕ್ಲಾಸಿನ ಮೊಮ್ಮಗಳು. “ಅಜ್ಜೀ, ತಾತ ಕುಡಿದೇ ಇಲ್ಲ. ಪಂಚೆ ಮೇಲೆ ಚೆಲ್ಲುತ್ತೆ ಅಂತ ಹಾಗೆ ಹೇಳ್ತಾರೆ.” ಅಂಗಡಿಯಿಂದ ಮುಚ್ಚಳದ ಪ್ಲಾಸ್ಟಿಕ್ ಲೋಟ ತಂದುಕೊಟ್ಟರೆ, “ನಾನೇನು ಪಾಪುವೇ?” ಎಂದು ಪಕ್ಕಕ್ಕಿಟ್ಟರು. ನಾನೂ ಮೊಮ್ಮಗಳೂ ಭಾನುವಾರದ ಮಣ್ಣಿನ ತರಗತಿಗೆ ಸೇರಿದ್ದು ಹೀಗೆ.

ಕಾಫಿ ಲೋಟ ಎಷ್ಟು ಕಷ್ಟದ ಸಾಮಾನು ಎಂದು ಕೈ ಚೆನ್ನಾಗಿರುವವರಿಗೆ ತಿಳಿಯುವುದಿಲ್ಲ. ಸ್ಟೀಲ್ ಲೋಟ ಸುಡುತ್ತದೆ, ಆದ್ದರಿಂದ ಬೆರಳ ತುದಿಯಲ್ಲಿ ಅಂಚನ್ನು ಮಾತ್ರ ಹಿಡಿಯಬೇಕು. ಪಿಂಗಾಣಿ ಕಪ್ಪಿನ ಕಿವಿಯಲ್ಲಿ ಒಂದೇ ಬೆರಳು ತೂರುತ್ತದೆ. ಎರಡರಲ್ಲೂ ಎಲ್ಲ ಭಾರ ಒಂದೆರಡು ಬೆರಳಿನ ಮೇಲೆ. ಅವರಿಗೆ ಬೇಕಾದದ್ದು ನಾಲ್ಕೂ ಬೆರಳು ಹೋಗುವ ಹಿಡಿ, ಅಗಲವಾದ ತಳ, ಸ್ವಲ್ಪ ಕಿರಿದಾದ ಬಾಯಿ, ಎಡಗೈಗೆ ಒಂದು ಆಸರೆ.

ಅಳತೆ ತೆಗೆಯಲು ಚಪಾತಿ ಹಿಟ್ಟು ಸಾಕಾಯಿತು. “ರೀ, ಇದನ್ನು ಲೋಟ ಹಿಡಿದ ಹಾಗೆ ಹಿಡಿದುಕೊಳ್ಳಿ” ಎಂದು ಒಂದು ಮುದ್ದೆ ಕೊಟ್ಟೆ. ಬೆರಳಿನ ಗುರುತು ಅಚ್ಚೊತ್ತಿದಂತೆ ಬಿತ್ತು. ನಾಲ್ಕು ಬೆರಳಿನ ಅಗಲ 8 ಸೆಂ.ಮೀ. ಎಡಗೈ ಹೆಬ್ಬೆರಳು ಎಲ್ಲಿ ಕೂರುತ್ತದೆ ಎಂಬುದೂ ಕಂಡಿತು. ಮೊಮ್ಮಗಳು ಎಲ್ಲವನ್ನೂ ಸ್ಕೇಲಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. (ಆ ಹಿಟ್ಟಿನ ಚಪಾತಿಯನ್ನು ರಾತ್ರಿ ತಿಂದೆವು.)

ಈಗ ಗಣಿತ. ನಾವು ಬಳಸಿದ ಮಣ್ಣು ಒಣಗಿ ಬೆಂದು ಮುಗಿಯುವ ಹೊತ್ತಿಗೆ ನೂರಕ್ಕೆ 12ರಷ್ಟು ಕುಗ್ಗುತ್ತದೆ. 10 ಸೆಂ.ಮೀ. ಎತ್ತರ ಮಾಡಿದ್ದು 8.8 ಆಗುತ್ತದೆ. ಅಗಲ, ಉದ್ದ, ಎತ್ತರ ಮೂರೂ ಕುಗ್ಗುವುದರಿಂದ ಒಳಗೆ ಹಿಡಿಸುವುದು ಇನ್ನೂ ಕಡಿಮೆ. 0.88 × 0.88 × 0.88 ಮಾಡಿ ನೋಡಿ, ಸುಮಾರು 0.68. ತಾತ ಕುಡಿಯುವುದು 150 ಮಿ.ಲೀ. ಕಾಫಿ. ತುಳುಕದಿರಲು ಮೇಲೆ ಜಾಗ ಬೇಕು, ಆದ್ದರಿಂದ ಲೋಟ 220 ಮಿ.ಲೀ. ಹಿಡಿಸಬೇಕು. ಅಂದರೆ ಹಸಿ ಮಣ್ಣಿನಲ್ಲಿ ಸುಮಾರು 320 ಮಿ.ಲೀ.! 8 ಸೆಂ.ಮೀ. ಹಿಡಿಗೆ ಹಸಿಯಲ್ಲಿ 9 ಸೆಂ.ಮೀ.ಗಿಂತ ತುಸು ಹೆಚ್ಚು.

ಮಾಡುವ ಕೆಲಸಕ್ಕೆ ಅಡುಗೆಮನೆಯ ಅಭ್ಯಾಸವೇ ಸಾಕು. ಗಾಳಿಗುಳ್ಳೆ ಉಳಿಯದಂತೆ ಮಣ್ಣನ್ನು ನಾದಬೇಕು. ತಳವನ್ನು ದಪ್ಪ ರೊಟ್ಟಿಯಂತೆ ಲಟ್ಟಿಸಿ ವೃತ್ತಾಕಾರವಾಗಿ ಕತ್ತರಿಸಿದೆವು. ಗೋಡೆಗೆ ಕೋಡುಬಳೆಗೆ ಹೊಸೆದ ಹಾಗೆ ಮಣ್ಣಿನ ಎಳೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಡುತ್ತಾ, ಪ್ರತಿ ಸುತ್ತನ್ನೂ ಕೆಳಗಿನದಕ್ಕೆ ಬೆರಳಿನಿಂದ ಎಳೆದು ಬೆಸೆಯಬೇಕು. ಬೆಸುಗೆ ಸರಿಯಾಗದಿದ್ದರೆ ಅಲ್ಲೇ ಸೀಳು. ಗೋಡೆಯ ದಪ್ಪ ಸುಮಾರು 6 ಮಿ.ಮೀ. ಮಣ್ಣು ಮೆತ್ತಗಿರುವಾಗಲೇ ಎಡಗೈ ಹೆಬ್ಬೆರಳು ಕೂರುವ ಕಡೆ ಒಂದು ಗುಳಿ ಒತ್ತಿದೆ. ತಿಗರಿ ಕೊಡುವುದು ಚೆಂದದ ದುಂಡು. ಗುಳಿ ಬೇಕೆಂದರೆ ಅಲ್ಲೂ ಕೊನೆಗೆ ಕೈಯೇ ಒತ್ತಬೇಕು.

ಹಿಡಿ ಕೂರಿಸಲು ಅವಸರ ಮಾಡುವಂತಿಲ್ಲ. ಲೋಟ ಮುಟ್ಟಿದರೆ ತಣ್ಣಗೆ, ಒತ್ತಿದರೆ ಬಗ್ಗದ ಚಕ್ಕಳದ ಹದಕ್ಕೆ ಬರಬೇಕು. ಅಂಟಿಸುವ ಎರಡೂ ಜಾಗದಲ್ಲಿ ಫೋರ್ಕಿನಿಂದ ಗೀರು ಹಾಕಿ, ನೀರಿನಲ್ಲಿ ಕಲಸಿದ ಮಣ್ಣಿನ ಗಂಜಿ ಸವರಿ ಒತ್ತಿ ಹಿಡಿಯಬೇಕು. ತೆಳುವಾದ ಹಿಡಿ ಲೋಟಕ್ಕಿಂತ ಬೇಗ ಒಣಗಿ ಬಿರುಕು ಬಿಡುತ್ತದೆ. ಅದಕ್ಕೆ ಹಿಡಿಗೆ ಪ್ಲಾಸ್ಟಿಕ್ ಸುತ್ತಿ, ನೆರಳಲ್ಲಿ ಹತ್ತು ದಿನ ಇಟ್ಟೆವು.

ಸುಡುವುದು ಮನೆಯಲ್ಲಿ ಆಗದ ಕೆಲಸ. ಗ್ಯಾಸ್ ಒಲೆಯ ಮೇಲೆ ಪ್ರಯತ್ನಿಸಬೇಡಿ. ಪಸೆ ಉಳಿದಿದ್ದರೆ ಒಳಗಿನ ನೀರು ಆವಿಯಾಗಿ ಲೋಟ ಸಿಡಿಯುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಸುಡದೆ ತಾನೇ ಗಟ್ಟಿಯಾಗುವ ಮಣ್ಣು ಕುಡಿಯುವ ಪಾತ್ರೆಗೆ ಬರುವುದಿಲ್ಲ. ನಮ್ಮ ಲೋಟವನ್ನು ತರಗತಿಯ ವಿದ್ಯುತ್ ಗೂಡಿನಲ್ಲಿ ಮೊದಲು ಸುಮಾರು 950 ಡಿಗ್ರಿಗೆ ಸುಟ್ಟರು. ಆಮೇಲೆ ಸೀಸವಿಲ್ಲದ ಗ್ಲೇಜ್‌ನಲ್ಲಿ, ಅಂದರೆ ಗಾಜಿನಂತಾಗುವ ಲೇಪದಲ್ಲಿ ಅದ್ದಿ, ತಳವನ್ನು ಒರೆಸಿ (ಇಲ್ಲದಿದ್ದರೆ ಗೂಡಿನ ಹಲಗೆಗೆ ಅಂಟಿಬಿಡುತ್ತದೆ), 1200 ಡಿಗ್ರಿ ದಾಟಿಸಿ ಮತ್ತೆ ಸುಟ್ಟರು. ಗೂಡು ತಣಿಯುವವರೆಗೆ ಮೊಮ್ಮಗಳಿಗೆ ನಿದ್ದೆಯಿಲ್ಲ.

ಲೋಟ ತುಸು ಸೊಟ್ಟಗಿದೆ, ಬಣ್ಣ ಹುರಿದ ಕಾಫಿ ಬೀಜದ್ದು. ಯಜಮಾನರು ಬಲಗೈಯ ನಾಲ್ಕು ಬೆರಳು ತೂರಿಸಿ, ಎಡಗೈಯನ್ನು ಹೊಟ್ಟೆಗೆ ಕೊಟ್ಟು ಹಿಡಿದರು. ಹೆಬ್ಬೆರಳು ಗುಳಿಯಲ್ಲಿ ಕೂತಿತು. ನಡುಕ ಇದ್ದೇ ಇತ್ತು, ಆದರೆ ಕಾಫಿ ಅಂಚು ದಾಟಲಿಲ್ಲ. ಹೋದ ವಾರ ಅವರ ಹಳೆಯ ಆಫೀಸಿನ ಸ್ನೇಹಿತರು ಬಂದಾಗ, “ನನಗೂ ಒಂದು ಲೋಟ” ಎಂದು ಒಳಗೆ ಕೂಗಿ ಹೇಳಿದರು.

ಅವರ ದೂರು ಒಂದೇ: ಖಾಲಿ ಲೋಟವೇ ಸುಮಾರು 400 ಗ್ರಾಂ ಇದೆ, ರಾತ್ರಿ ನೀರಿಗೆ ಇನ್ನೊಂದು ಹಗುರಾದದ್ದು ಬೇಕಂತೆ. ಮೊಮ್ಮಗಳು ಅದಕ್ಕೆ ಗೋಡೆ 4 ಮಿ.ಮೀ. ಸಾಕು ಎಂದು ಬರೆದುಕೊಂಡಿದ್ದಾಳೆ. ತಳ ಮಾತ್ರ ಅಷ್ಟೇ ದಪ್ಪ ಇರಲಿ ಎಂದು ನನ್ನ ವಾದ.