ತಲೆ ತೆರೆಯದೆ ಗಡ್ಡೆ ಕಂಡದ್ದು ಹೇಗೆ?

 

ನಮ್ಮ ದೊಡ್ಡಪ್ಪನಿಗೆ ತಲೆನೋವು ಜಾಸ್ತಿಯಾಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಒಂದು ದೊಡ್ಡ ಕಪ್ಪು ಫಿಲ್ಮ್ ಕೊಟ್ಟರು. ಕಿಟಕಿಗೆ ಹಿಡಿದು ನೋಡಿದೆ. ಈರುಳ್ಳಿಯನ್ನು ಅಡ್ಡ ಕೊಯ್ದು ಸಾಲಾಗಿ ಜೋಡಿಸಿದ ಹಾಗೆ ತಲೆಯ ಚಿತ್ರಗಳು. ಒಂದರಲ್ಲಿ ಬಿಳಿ ಮಚ್ಚೆ ಇತ್ತು. ಅದೇ ಗಡ್ಡೆ ಅಂತೆ. ಕತ್ತಿ ಮುಟ್ಟಿಸದೆ ತಲೆಯನ್ನು ಹೋಳು ಮಾಡಿದ್ದು ಹೇಗೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಎಕ್ಸ್-ರೇ 1895ರಲ್ಲೇ ಗೊತ್ತಾಗಿತ್ತು. ಅದರಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ. ಆದರೆ ಮೆದುಳು, ಮೆದುಳಿನ ಗಡ್ಡೆ ಎರಡೂ ಮೆತ್ತಗಿನವು, ಎಕ್ಸ್-ರೇಯನ್ನು ಹೆಚ್ಚುಕಡಿಮೆ ಒಂದೇ ಸಮ ತಡೆಯುತ್ತವೆ. ಮೇಲಾಗಿ ಬುರುಡೆಯ ನೆರಳು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ಆಗೆಲ್ಲ ರೋಗಿಯ ಬೆನ್ನಿಗೆ ಸೂಜಿ ಚುಚ್ಚಿ, ಒಳಗಿನ ನೀರು ತೆಗೆದು, ಮೆದುಳಿನ ಸುತ್ತ ಗಾಳಿ ತುಂಬಿಸಿ ಎಕ್ಸ್-ರೇ ತೆಗೆಯುತ್ತಿದ್ದರು. ಆಮೇಲೆ ತಲೆ ಸಿಡಿಯುವಂಥ ನೋವು, ವಾಂತಿ. ಓದುವಾಗಲೇ ನನಗೆ ಮೈ ಜುಮ್ ಅಂದಿತು.

ಇದಕ್ಕೆ ದಾರಿ ಹುಡುಕಿದವರು ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಇವರು ನಮ್ಮ ಹಾಗೆ ಹೊಲಮನೆಯಲ್ಲಿ ಬೆಳೆದವರು. ಹುಡುಗನಾಗಿದ್ದಾಗ ತಾನೇ ಮಾಡಿದ ರೆಕ್ಕೆ ಹಿಡಿದುಕೊಂಡು ಹುಲ್ಲಿನ ಬಣವೆಯಿಂದ ಹಾರುತ್ತಿದ್ದರಂತೆ! (ಯಾರೂ ಹಾಗೆ ಮಾಡಬೇಡಿ.) ಆಮೇಲೆ ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯಲ್ಲಿ ಎಂಜಿನಿಯರ್ ಆದರು.

ಅವರ ಉಪಾಯ ತಿಳಿಯಬೇಕಾದರೆ ಒಂದು ಆಟ ಆಡಿ. ನಾಲ್ಕು ಬೆಂಕಿಪೊಟ್ಟಣಗಳನ್ನು ಮೇಲೆ ಎರಡು, ಕೆಳಗೆ ಎರಡು ಇಡಿ. ಒಳಗೆ ಹುಣಸೆಬೀಜ ಹಾಕಿ ಮುಚ್ಚಿ. ಗೆಳೆಯನಿಗೆ ಸಾಲಿನ ಒಟ್ಟು ಮಾತ್ರ ಹೇಳಿ: ಮೇಲಿನ ಸಾಲು 3, ಕೆಳಗಿನದು 6, ಎಡಗಡೆಯ ಎರಡು ಸೇರಿ 2, ಬಲಗಡೆಯವು 7. ಅವನು ಮೇಲೆ 0 ಮತ್ತು 3, ಕೆಳಗೆ 2 ಮತ್ತು 4 ಅನ್ನಬಹುದು. ಲೆಕ್ಕ ಸರಿ, ಉತ್ತರ ತಪ್ಪು! ಈಗ ಓರೆಯಾಗಿ ಎಡ ಮೇಲ್ಮೂಲೆಯದೂ ಬಲ ಕೆಳಮೂಲೆಯದೂ ಸೇರಿ 6 ಅಂತ ಹೇಳಿ. ಆಗ ಒಂದೇ ಉತ್ತರ ಉಳಿಯುತ್ತದೆ: ಮೇಲೆ 1 ಮತ್ತು 2, ಕೆಳಗೆ 1 ಮತ್ತು 5. ಪೊಟ್ಟಣ ತೆರೆಯದೆ 5 ಬೀಜ ಎಲ್ಲಿವೆ ಅಂತ ಗೊತ್ತಾಯ್ತಲ್ಲ, ಅದೇ ಗಡ್ಡೆ ಅಂದುಕೊಳ್ಳಿ. ಸ್ಕ್ಯಾನರ್ ಕೂಡ ತಲೆಯ ಸುತ್ತ ತಿರುಗುತ್ತಾ ಪ್ರತಿ ದಿಕ್ಕಿನಿಂದ ಎಕ್ಸ್-ರೇ ಹಾಯಿಸಿ, ಎಷ್ಟು ತಡೆಯಿತು ಅಂತ ಅಳೆಯುತ್ತದೆ. ಕಂಪ್ಯೂಟರ್ ಲೆಕ್ಕ ಬಿಡಿಸುತ್ತದೆ. ಅವರ ಮೊದಲ ಚಿತ್ರಗಳಲ್ಲಿ ಅಡ್ಡ 80, ಉದ್ದ 80, ಒಟ್ಟು 6,400 ಮನೆಗಳಿದ್ದವು.

ಮೊದಲ ಪ್ರಯೋಗಕ್ಕೆ ಕಬ್ಬಿಣ ಕಡೆಯುವ ಹಳೇ ಲೇತ್ ಯಂತ್ರವನ್ನೇ ಬಳಸಿದರು. ಕಿರಣ ತೀರಾ ದುರ್ಬಲವಾದ್ದರಿಂದ 28,000 ಅಳತೆ ತೆಗೆಯಲು 9 ದಿನ ಹಿಡಿಯಿತು. ಎಕ್ಸ್-ರೇ ಕೊಳವೆ ಹಾಕಿದ ಮೇಲೆ 9 ಗಂಟೆಗೆ ಇಳಿಯಿತು. ಒಬ್ಬ ರೋಗಿ 9 ಗಂಟೆ ಅಲ್ಲಾಡದೆ ಮಲಗುವುದುಂಟೆ? ಅದಕ್ಕೇ ಮೊದಲು ದ್ರವದಲ್ಲಿ ಕಾಪಾಡಿಟ್ಟ ಮೆದುಳಿನ ಮೇಲೆ ಪರೀಕ್ಷೆ ಮಾಡಿದರು.

ಚಿತ್ರ ಬಹಳ ಚೆನ್ನಾಗಿ ಬಂತು. ಮೆದುಳಿನ ಬೂದು ಭಾಗ, ಬಿಳಿ ಭಾಗ ಬೇರೆಬೇರೆಯಾಗಿ ಕಂಡವು. ಆದರೆ ಅದು ಫಾರ್ಮಲಿನ್ ಮಾಡಿದ ಮೋಸ ಅಂತ ಆಮೇಲೆ ತಿಳಿಯಿತು. (ಬಾಟಲಿಯಲ್ಲಿ ಹಾವು, ಕಪ್ಪೆ ಕೆಡದಂತೆ ಇಡುತ್ತಾರಲ್ಲ, ಅದೇ ಫಾರ್ಮಲಿನ್.) ಅದರಲ್ಲಿ ನೆನೆದ ಮೆದುಳಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಬದುಕಿರುವ ಮನುಷ್ಯನ ಮೆದುಳು ಹಾಗಿರುವುದಿಲ್ಲ. ನಾನಾಗಿದ್ದರೆ ಚಿತ್ರ ಚೆನ್ನಾಗಿದೆ ಅಂತ ಸುಮ್ಮನಿರುತ್ತಿದ್ದೆನೋ ಏನೋ. ಅವರು ಕಸಾಯಿಖಾನೆಯಿಂದ ಎತ್ತಿನ ಹಸಿ ಮೆದುಳು ತಂದು ಮತ್ತೆ ಪರೀಕ್ಷೆ ಮಾಡಿದರು. ಅದನ್ನು ಲಂಡನ್ನಿನಲ್ಲಿ ಎಲ್ಲರೂ ಓಡಾಡುವ ಸಾರ್ವಜನಿಕ ವಾಹನದಲ್ಲೇ ಹೊತ್ತು ತಂದರಂತೆ! ಪಕ್ಕದಲ್ಲಿ ಕೂತವರಿಗೆ ಗೊತ್ತಿತ್ತೋ ಇಲ್ಲವೋ. ಈ ಸಲ ಚಿತ್ರ ಮಂಕಾಗಿತ್ತು, ಆದರೂ ಒಳಭಾಗಗಳು ಕಂಡವು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ಒಬ್ಬ ರೋಗಿಯ, ಒಬ್ಬ ಹೆಂಗಸಿನ, ತಲೆಯನ್ನು ಸ್ಕ್ಯಾನ್ ಮಾಡಿದರು. ಮೆದುಳಿನ ಮುಂಭಾಗದಲ್ಲಿ ದುಂಡನೆಯ ಗಡ್ಡೆ ಕಂಡಿತು. ಆಪರೇಷನ್ ಮಾಡಿದ ಡಾಕ್ಟರು ಅದು ಚಿತ್ರದಲ್ಲಿ ಇದ್ದ ಹಾಗೇ ಇದೆ ಅಂದರಂತೆ. 1979ರಲ್ಲಿ ಹೌನ್ಸ್‌ಫೀಲ್ಡ್ ಅವರಿಗೂ, ಈ ಲೆಕ್ಕವನ್ನು ಬೇರೆಯಾಗಿ ಮೊದಲೇ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಹುಮಾನ ಬಂತು.

ಒಂದು ವಿಷಯ ಮರೆತಿದ್ದೆ. ಸ್ಕ್ಯಾನ್‌ನಲ್ಲಿ ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಅಂತ ಕಾಣುತ್ತದೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಖಚಿತವಾಗಲು ಸಾಮಾನ್ಯವಾಗಿ ಅದರ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ದೊಡ್ಡಪ್ಪನಿಗೆ ಆಪರೇಷನ್ ಆದ ಮೇಲೆ ಚೂರನ್ನು ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕ ಹತ್ತು ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ, ದೊಡ್ಡಮ್ಮ ಮಾತೇ ಆಡಲಿಲ್ಲ. ಹನ್ನೊಂದನೇ ದಿನ ವರದಿ ಬಂತು. ಕ್ಯಾನ್ಸರ್ ಅಲ್ಲ ಅಂತ ಬರೆದಿತ್ತು.