ನಮ್ಮ ಪುಟ್ಟ ರೈಲುಬಂಡಿ: ಅದು ಓಡುವ ಬಗೆಯೂ ನಿಂತಾಗ ಪರೀಕ್ಷಿಸುವ ಕ್ರಮವೂ

ನಮ್ಮ ಶಾಲೆಯ ಭೌತವಿಜ್ಞಾನದ ಕೊಠಡಿಯಲ್ಲಿ, ಕಿಟಕಿಯ ಬಳಿಯ ಉದ್ದನೆಯ ಮೇಜಿನ ಮೇಲೆ, ಒಂದು ಪುಟ್ಟ ರೈಲುಮಾರ್ಗವಿರುವುದನ್ನು ಪೋಷಕರಲ್ಲಿ ಅನೇಕರು ಕಂಡಿರುವರು. ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ತಮ್ಮ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ, ಅದನ್ನು ಶಾಲೆಗೆ ದಾನವಾಗಿ ಕೊಟ್ಟರು. “ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಆಟದ ಬಂಡಿಗೇನು ಕೆಲಸ?” ಎಂದು ಕೆಲವರು ನಗುತ್ತ ಕೇಳಿದ್ದುಂಟು. ಮತ್ತೆ ಕೆಲವರು ಹಳೆಯ ವಿದ್ಯಾರ್ಥಿನಿಯರು, ಇಂತಹುದೇ ಎಂಜಿನು ತಮ್ಮ ಮನೆಯ ಪೆಟ್ಟಿಗೆಯಲ್ಲಿ ಕೆಟ್ಟು ಬಿದ್ದಿದೆಯೆಂದೂ, ಅದನ್ನು ಓಡಿಸುವ ಉಪಾಯವುಂಟೋ ಎಂದೂ ವಿಚಾರಿಸಿರುತ್ತಾರೆ. ಈ ಎರಡು ಪ್ರಶ್ನೆಗಳಿಗೂ ಒಂದೇ ಲೇಖನದಲ್ಲಿ ಉತ್ತರ ಕೊಡಲು ಪ್ರಯತ್ನಿಸುವೆನು.

ಇಂತಹ ಬಂಡಿಗಳ ಚರಿತ್ರೆ ಹಳೆಯದು. ೧೮೯೧ರಲ್ಲಿ ಜರ್ಮನಿಯ ಮೆರ್ಕ್ಲಿನ್ ಸಂಸ್ಥೆಯವರು ಲೈಪ್ಸಿಗ್ ಪಟ್ಟಣದ ಮೇಳದಲ್ಲಿ ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ಬಂಡಿಗಳನ್ನು ಪ್ರದರ್ಶಿಸಿದರು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರ್ಯಾಂಕ್ ಹಾರ್ನ್‌ಬಿ ಎಂಬವರ ಸಂಸ್ಥೆಯಿಂದ ೧೯೨೦ರಲ್ಲಿ ಕೀಲಿ ಕೊಟ್ಟು ಓಡಿಸುವ ಬಂಡಿಗಳೂ, ೧೯೩೮ರಲ್ಲಿ ೧೨ ವೋಲ್ಟಿನ ವಿದ್ಯುತ್ತಿನಿಂದ ಓಡುವ ಹಾರ್ನ್‌ಬಿ ಡಬ್ಲೋ ಬಂಡಿಗಳೂ ಹೊರಬಂದವು. ನಮ್ಮಲ್ಲಿರುವ ಬಂಡಿಯನ್ನು ಒಂದು ಅಡಿಗೆ ೪ ಮಿಲಿಮೀಟರಿನ ಪ್ರಮಾಣದಲ್ಲಿ ಮಾಡಿರುತ್ತಾರೆ. ಅಂದರೆ ೬೦ ಅಡಿ ಉದ್ದದ ನಿಜವಾದ ಗಾಡಿ ಇಲ್ಲಿ ೨೪ ಸೆಂಟಿಮೀಟರಾಗುವುದು. ಎರಡು ಕಂಬಿಗಳ ನಡುವಣ ಅಂತರವು ೧೬.೫ ಮಿಲಿಮೀಟರು ಮಾತ್ರ.

ಇದು ಓಡುವ ಬಗೆಯನ್ನು ಮೊದಲು ತಿಳಿಯತಕ್ಕದ್ದು. ಗೋಡೆಯಿಂದ ಬರುವ ೨೩೦ ವೋಲ್ಟಿನ ಪರ್ಯಾಯ ಪ್ರವಾಹವನ್ನು ಕಂಟ್ರೋಲರ್ ಎಂಬ ಪೆಟ್ಟಿಗೆಯು ತಗ್ಗಿಸಿ, ಏಕಮುಖ ಪ್ರವಾಹವನ್ನಾಗಿ ಮಾಡಿ, ಸೊನ್ನೆಯಿಂದ ಸುಮಾರು ೧೨ ವೋಲ್ಟಿನ ವರೆಗೆ ನಮ್ಮ ಇಷ್ಟದಂತೆ ಹಳಿಗೆ ಕೊಡುತ್ತದೆ. ಪ್ರವಾಹವು ಒಂದು ಕಂಬಿಯಿಂದ ಚಕ್ರಕ್ಕೂ, ಚಕ್ರದಿಂದ ತೆಳುವಾದ ಲೋಹದ ಪಟ್ಟಿಯ ಮೂಲಕ ಮೋಟಾರಿಗೂ ಹೋಗಿ, ಅಲ್ಲಿಂದ ಎದುರು ಬದಿಯ ಚಕ್ರದ ಮೂಲಕ ಎರಡನೆಯ ಕಂಬಿಗೆ ಬಂದು, ಕಂಟ್ರೋಲರಿಗೆ ಹಿಂದಿರುಗುವುದು. ಈ ಎರಡು ದಾರಿಗಳು ಎಂಜಿನಿನೊಳಗೆ ಎಲ್ಲಿಯೂ ನೇರವಾಗಿ ಕೂಡಬಾರದಾದುದರಿಂದ, ಒಂದು ಬದಿಯ ಚಕ್ರಗಳನ್ನು ಇನ್ನೊಂದು ಬದಿಯ ಚಕ್ರಗಳಿಂದ ವಿದ್ಯುತ್ತು ಹರಿಯದಂತೆ ಬೇರ್ಪಡಿಸಿರುತ್ತಾರೆ. ಗುಂಡಿಯನ್ನು ಹೆಚ್ಚು ತಿರುಗಿಸಿದರೆ ವೋಲ್ಟೇಜು ಏರಿ ವೇಗವೂ ಏರುವುದು. ಧನ ಋಣಗಳನ್ನು ಅದಲುಬದಲು ಮಾಡಿದರೆ ಬಂಡಿ ಹಿಂದಕ್ಕೆ ಚಲಿಸುವುದು. ಎಂಜಿನಿನ ಮುಂದಣ ದಿಕ್ಕನ್ನು ನೋಡುತ್ತ ನಿಂತರೆ ಬಲಗಡೆಯ ಕಂಬಿ ಧನವಾಗಿದ್ದಾಗ ಅದು ಮುಂದಕ್ಕೆ ಹೋಗಬೇಕೆಂಬುದು ವಾಡಿಕೆಯ ನಿಯಮ. ಇದಕ್ಕೆ ಅನಲಾಗ್ ಕ್ರಮವೆಂದು ಹೆಸರು.

ಮೋಟಾರಿನೊಳಗೆ ಸ್ಥಿರವಾದ ಅಯಸ್ಕಾಂತವೊಂದುಂಟು. ಅದರ ನಡುವೆ ತಾಮ್ರದ ತಂತಿಯ ಸುರುಳಿಗಳುಳ್ಳ ಆರ್ಮೇಚರ್ ತಿರುಗುವುದು. ಬ್ರಷ್ ಎಂದು ಕರೆಯುವ ಇಂಗಾಲದ ಎರಡು ಚಿಕ್ಕ ತುಂಡುಗಳು ಕಮ್ಯುಟೇಟರಿನ ಮೇಲೆ ಉಜ್ಜುತ್ತ ಸುರುಳಿಗಳಿಗೆ ಸರದಿಯಂತೆ ಪ್ರವಾಹವನ್ನು ಒದಗಿಸುವುವು. ಸುರುಳಿಗಳು ಸಾಮಾನ್ಯವಾಗಿ ಮೂರು ಅಥವಾ ಐದು. ಐದಿರುವ ಮೋಟಾರು ನಿಧಾನಗತಿಯಲ್ಲಿ ಹೆಚ್ಚು ನಯವಾಗಿ ಓಡುವುದು. ಮೋಟಾರಿನ ತಿರುಗುವಿಕೆಯನ್ನು ಅನೇಕ ಎಂಜಿನುಗಳಲ್ಲಿ ತಿರುಪಿನಾಕಾರದ ಹಲ್ಲೊಂದು ಚಕ್ರಕ್ಕೆ ಮುಟ್ಟಿಸುತ್ತದೆ. ಅದು ಮೋಟಾರಿನಿಂದ ಚಕ್ರವನ್ನು ತಿರುಗಿಸಬಲ್ಲುದೇ ಹೊರತು ಚಕ್ರದಿಂದ ಮೋಟಾರನ್ನು ತಿರುಗಿಸಲಾರದು. ಆದಕಾರಣ ಇಂತಹ ಎಂಜಿನನ್ನು ಮಕ್ಕಳು ಕೈಯಿಂದ ಒತ್ತಿ ಹಳಿಯ ಮೇಲೆ ನೂಕಬಾರದು. ಹಲ್ಲುಗಳು ಮುರಿಯುವ ಸಂಭವವಿದೆ.

ಈ ಕ್ರಮದಲ್ಲಿ ಶಕ್ತಿಯಿರುವುದು ಹಳಿಯಲ್ಲಿ, ಆಜ್ಞೆಯಿರುವುದೂ ಹಳಿಯಲ್ಲಿಯೇ. ಒಂದೇ ಹಳಿಯ ಮೇಲೆ ಎರಡು ಎಂಜಿನುಗಳನ್ನಿಟ್ಟರೆ ಎರಡೂ ಒಟ್ಟಿಗೆ ಹೊರಡುವುವು. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಾದರೆ ಕಂಬಿಯನ್ನು ಕತ್ತರಿಸಿ ಭಾಗಗಳನ್ನಾಗಿ ಮಾಡಿ, ಪ್ರತಿಯೊಂದು ಭಾಗಕ್ಕೂ ಬೇರೆ ಸ್ವಿಚ್ಚು ಇಡಬೇಕು. ೧೯೯೦ರ ದಶಕದಿಂದ ಹರಡಿದ ಡಿಜಿಟಲ್ ಕ್ರಮವು ಇದಕ್ಕಿಂತ ಬೇರೆ. ಅಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ಣ ವೋಲ್ಟೇಜಿರುವುದು. ಪ್ರತಿಯೊಂದು ಎಂಜಿನಿನೊಳಗೂ ಡಿಕೋಡರ್ ಎಂಬ ಸಣ್ಣ ಸಾಧನವಿದ್ದು, ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುವುದು. ಶಾಲೆಗೆ ಹಳೆಯ ಕ್ರಮವೇ ಹಿತವೆಂದು ನನ್ನ ಅಭಿಪ್ರಾಯ. ಅದರಲ್ಲಿ ಯಾವುದೂ ಮರೆಯಾಗಿಲ್ಲ; ಪ್ರವಾಹ ಹೋಗುವ ದಾರಿಯನ್ನು ಹುಡುಗಿಯು ಬೆರಳಿನಿಂದ ತೋರಿಸಬಹುದು.

ಇನ್ನು ಬಂಡಿಯು ನಿಂತಾಗ ಮಾಡತಕ್ಕದ್ದನ್ನು ಹೇಳುವೆನು. ಅದಕ್ಕೆ ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಒಮ್ಮೆ ಪೋಷಕರ ದಿನದಂದು ಬಂಡಿಯು ಎರಡು ಸುತ್ತು ಸುತ್ತಿ, ತಡವರಿಸಿ, ದೀಪ ಮಿಣುಕಿ ನಿಂತುಹೋಯಿತು. ಹಿಂದಿನ ದಿನ ಅದನ್ನು ಓಡಿಸುತ್ತಿದ್ದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. “ನೀನೇ ಎಂಜಿನನ್ನು ಸುಟ್ಟೆ” ಎಂದು ಅತಿಥಿಗಳ ಎದುರಿನಲ್ಲಿಯೇ ನಾನು ಅವಳನ್ನು ಗದರಿಸಿದೆನು. ಅವಳು ಎದುರಾಡಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕೊಠಡಿಗೆ ಬಂದು, “ಅಮ್ಮಾ, ಎಂಜಿನು ಸುಟ್ಟಿದೆಯೋ ಇಲ್ಲವೋ ನೋಡಲು ಅಪ್ಪಣೆ ಕೊಡಿರಿ” ಎಂದು ಕೇಳಿದಳು. ನಾನೂ ಜೊತೆಯಲ್ಲಿ ಹೋದೆನು. ಅವಳು ಎಂಜಿನನ್ನು ಮುಟ್ಟಲೇ ಇಲ್ಲ. ಗೋಡೆಯ ಬಳಿಯಿಂದ ಆರಂಭಿಸಿದಳು. ನಾನು ಕೆಳಗೆ ಬರೆಯುವ ಕ್ರಮವು ಬಹುಮಟ್ಟಿಗೆ ಅವಳದೇ.

ಮೊದಲನೆಯದಾಗಿ, ಹಳಿಗೆ ಪ್ರವಾಹ ಬರುತ್ತಿದೆಯೋ ಎಂದು ನೋಡಬೇಕು. ೧೨ ವೋಲ್ಟಿನ ಚಿಕ್ಕ ದೀಪಕ್ಕೆ ಎರಡು ತಂತಿಗಳನ್ನು ಕಟ್ಟಿ, ಮೊದಲು ಕಂಟ್ರೋಲರಿನ ತುದಿಗಳಿಗೂ, ಆಮೇಲೆ ಎರಡು ಕಂಬಿಗಳಿಗೂ ಮುಟ್ಟಿಸಬೇಕು. ಕಂಟ್ರೋಲರಿನಲ್ಲಿ ದೀಪ ಹತ್ತಿ ಹಳಿಯಲ್ಲಿ ಹತ್ತದಿದ್ದರೆ ದೋಷವಿರುವುದು ನಡುವಣ ತಂತಿಯಲ್ಲಿ ಅಥವಾ ಜೋಡಣೆಯಲ್ಲಿ. ಕಂಟ್ರೋಲರಿನಲ್ಲಿಯೇ ಹತ್ತದಿದ್ದರೆ ಪೆಟ್ಟಿಗೆಯನ್ನು ಬಿಚ್ಚದೆ, ತಿಳಿದವರಿಗೆ ಒಪ್ಪಿಸತಕ್ಕದ್ದು. ಅದರೊಳಗೆ ೨೩೦ ವೋಲ್ಟಿರುವುದನ್ನು ಮರೆಯಬಾರದು.

ಎರಡನೆಯದಾಗಿ, ಪ್ರವಾಹವು ಎಂಜಿನಿಗೆ ಹೋಗದೆ ಅಡ್ಡದಾರಿಯಿಂದ ಹಿಂದಿರುಗುತ್ತಿದೆಯೋ ಎಂದು ನೋಡಬೇಕು. ಇದಕ್ಕೆ ಷಾರ್ಟ್ ಸರ್ಕ್ಯೂಟ್ ಎನ್ನುವರು. ಆಗ ಕಂಟ್ರೋಲರು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿ ಶಕ್ತಿಯನ್ನು ನಿಲ್ಲಿಸುವುದು. ಹಳಿ ತಪ್ಪಿದ ಗಾಲಿಯೂ, ಎರಡು ಕಂಬಿಗಳ ಮೇಲೆ ಬಿದ್ದ ಲೋಹದ ಚೂರೂ ಇದಕ್ಕೆ ಕಾರಣ. ನಮ್ಮ ಶಾಲೆಯಲ್ಲಿ ಅದು ಬಹುಪಾಲು ಕೂದಲಿನ ಪಿನ್ನೇ ಆಗಿರುತ್ತದೆ! ಹೊಸದಾಗಿ ಹಳಿ ಹಾಸುವವರು ಮತ್ತೊಂದನ್ನು ಗಮನಿಸಬೇಕು. ಹಳಿಯು ಒಂದು ಕುಣಿಕೆಯಂತೆ ಸುತ್ತಿ ಹೊರಟ ದಾರಿಗೇ ಎದುರುಮುಖವಾಗಿ ಬಂದು ಕೂಡಿದರೆ, ಬಲದ ಕಂಬಿ ಎಡದ ಕಂಬಿಗೆ ಸೇರಿ ಷಾರ್ಟ್ ಆಗುವುದು. ಅಲ್ಲಿ ಎರಡು ಕಂಬಿಗಳಲ್ಲಿಯೂ ಬಿಡುವು ಕೊಟ್ಟು ಬೇರೆ ಸ್ವಿಚ್ಚು ಹಾಕಬೇಕು.

ಮೂರನೆಯದು ಹಳಿಯ ಶುದ್ಧಿ. ನಮ್ಮ ಹುಡುಗಿಯು ಇಲ್ಲಿಗೆ ಬಂದಾಗ, ದೀಪವನ್ನು ಮೆಲ್ಲಗೆ ಮುಟ್ಟಿಸಿದರೆ ಹತ್ತದೆ, ತಂತಿಯ ತುದಿಯಿಂದ ಕಂಬಿಯನ್ನು ಕೆರೆದು ಒತ್ತಿದರೆ ಹತ್ತುವುದನ್ನು ಕಂಡಳು. ಬಿಳಿಯ ಬಟ್ಟೆಯಿಂದ ಕಂಬಿಯನ್ನೊರಸಿದಳು. ಬಟ್ಟೆ ಕಪ್ಪಾಯಿತು, ಜಿಡ್ಡಾಯಿತು. ಆ ಜಿಡ್ಡಿನ ವಾಸನೆಯನ್ನು ನಾನು ಕೂಡಲೇ ಗುರುತಿಸಿದೆನು. ಪೋಷಕರ ದಿನದ ಹಿಂದಿನ ಸಾಯಂಕಾಲ, ಅತಿಥಿಗಳ ಕಣ್ಣಿಗೆ ಹಳಿಗಳು ಹೊಳೆಯಲೆಂದು, ಮೇಜುಗಳಿಗೆ ಮೆರುಗು ಕೊಡುವ ಎಣ್ಣೆಬಟ್ಟೆಯಿಂದ ಅವುಗಳನ್ನು ತಿಕ್ಕಿದವಳು ನಾನೇ! ಎಣ್ಣೆಯು ವಿದ್ಯುತ್ತನ್ನು ಹರಿಯಗೊಡದು. ಅದಕ್ಕೆ ಧೂಳು ಅಂಟಿ, ಚಕ್ರಗಳಿಗೂ ಮೆತ್ತಿಕೊಂಡು, ಎಂಜಿನು ಹಸಿದು ನಿಂತಿತ್ತು. ಅಂದಿನ ಪ್ರಾರ್ಥನಾಕೂಟದಲ್ಲಿ ಎಲ್ಲ ಮಕ್ಕಳ ಎದುರಿಗೆ ನಾನು ಆ ಹುಡುಗಿಯ ಕ್ಷಮೆಯನ್ನು ಕೇಳಿಕೊಂಡೆನು. ಆದರೆ ಹಿಂದಿನ ದಿನ ಬಂದಿದ್ದ ಅತಿಥಿಗಳು ಅಲ್ಲಿರಲಿಲ್ಲ. ಅವರಲ್ಲಿ ಯಾರಾದರೂ ಈ ಸಂಚಿಕೆಯನ್ನು ಓದುವುದಾದರೆ, ಅವಳದು ಏನೂ ತಪ್ಪಿರಲಿಲ್ಲವೆಂಬುದನ್ನು ಈಗಲಾದರೂ ತಿಳಿಯಬೇಕಾಗಿ ಬೇಡುತ್ತೇನೆ.

ಹಳಿಯನ್ನು ಶುದ್ಧಮಾಡಲು ನಾರುಬಿಡದ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಒರಸುವುದು ಒಳ್ಳೆಯದು. ಅದು ಬೇಗ ಉರಿಯುವ ವಸ್ತುವಾದುದರಿಂದ ಶಕ್ತಿಯನ್ನು ನಿಲ್ಲಿಸಿ, ಕಿಟಕಿ ತೆರೆದು ಕೆಲಸಮಾಡಬೇಕು. ಉಪ್ಪುಕಾಗದವನ್ನು ಉಪಯೋಗಿಸಬಾರದು, ಅದು ಮಾಡುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗನೆ ಕೂಡುವುದು. ಮಳೆಗಾಲದಲ್ಲಿ ಹಿತ್ತಾಳೆಯ ಹಳಿಗಳು ಬೇಗ ಮಾಸುವುವು. ನಿಕ್ಕಲ್ ಸಿಲ್ವರಿನವು ಅಷ್ಟು ಮಾಸವು. ನಿಕ್ಕಲ್ ಸಿಲ್ವರಿನಲ್ಲಿ ಬೆಳ್ಳಿ ಸ್ವಲ್ಪವೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ.

ನಾಲ್ಕನೆಯದಾಗಿ, ಬಂಡಿಯು ಕಂಟ್ರೋಲರಿನ ಬಳಿ ಚುರುಕಾಗಿಯೂ ದೂರದಲ್ಲಿ ಮಂದವಾಗಿಯೂ ಓಡುವುದಾದರೆ, ಕಂಬಿಗಳನ್ನು ಕೂಡಿಸುವ ತಗಡುಗಳು ಸಡಿಲವಾಗಿರುವುವೆಂದು ತಿಳಿಯಬೇಕು. ಅವುಗಳನ್ನು ಇಕ್ಕಳದಿಂದ ಮೆಲ್ಲಗೆ ಬಿಗಿಮಾಡಬಹುದು. ದೊಡ್ಡ ಸುತ್ತಾದರೆ ಕಂಟ್ರೋಲರಿನಿಂದ ದೂರದ ಭಾಗಕ್ಕೆ ಮತ್ತೊಂದು ಜೊತೆ ತಂತಿಗಳನ್ನು ಕೊಡುವುದೇ ಲೇಸು.

ಐದನೆಯದಾಗಿ ಎಂಜಿನಿನ ಚಕ್ರಗಳು. ಆಲ್ಕೊಹಾಲಿನಿಂದ ತೇವಮಾಡಿದ ಬಟ್ಟೆಯಿಂದ ಅವುಗಳ ಅಂಚನ್ನು ಕಪ್ಪು ಹೋಗುವ ವರೆಗೆ ಒರಸಬೇಕು. ಹಿಂಬದಿಯಲ್ಲಿ ಚಕ್ರಗಳನ್ನು ಮುಟ್ಟುವ ಲೋಹದ ಪಟ್ಟಿಗಳು ಬಾಗಿ ದೂರ ಸರಿದಿದ್ದರೆ, ತಿರುಗಿ ಮೆಲ್ಲಗೆ ಮುಟ್ಟುವಂತೆ ಮಾಡಬೇಕು. ಬಲವಾಗಿ ಒತ್ತಿದರೆ ಚಕ್ರವೇ ತಡೆಯುವುದು. ಅಚ್ಚಿನ ಸುತ್ತ ಕೂದಲೂ ನೂಲೂ ಸುತ್ತಿಕೊಂಡಿರುವುದುಂಟು. ಹಳಿಯನ್ನು ಜಮಖಾನದ ಮೇಲೆ ಹಾಸಬಾರದೆಂದು ಹೇಳುವುದು ಇದಕ್ಕಾಗಿಯೇ.

ಇವೆಲ್ಲವೂ ಸರಿಯಾಗಿದ್ದು ಎಂಜಿನು ಓಡದಿದ್ದರೆ ಮಾತ್ರ ಮೋಟಾರಿಗೆ ಕೈಹಾಕಬೇಕು. ಎರಡು ತಂತಿಗಳನ್ನು ನೇರವಾಗಿ ಮೋಟಾರಿನ ತುದಿಗಳಿಗೆ ಮುಟ್ಟಿಸಿರಿ. ತಿರುಗಿದರೆ ಅದು ನಿರ್ದೋಷಿ. ದೋಷವಿರುವುದು ಚಕ್ರಕ್ಕೂ ಮೋಟಾರಿಗೂ ನಡುವೆ. ತಿರುಗದೆ ಬಿಸಿಯಾದರೆ, ಕೂಡಲೇ ಶಕ್ತಿಯನ್ನು ನಿಲ್ಲಿಸಿ ಹಲ್ಲುಗಳಲ್ಲಿ ಹಳೆಯ ಎಣ್ಣೆ ಗಟ್ಟಿಯಾಗಿದೆಯೋ ನೋಡಿರಿ. ತಿರುಗದೆ ತಣ್ಣಗೇ ಇದ್ದರೆ, ಬ್ರಷ್ಷುಗಳು ಸವೆದಿರಬಹುದು, ಇಲ್ಲವೆ ಕಮ್ಯುಟೇಟರು ಮಾಸಿರಬಹುದು. ಕಮ್ಯುಟೇಟರಿನ ಬಿರುಕುಗಳಲ್ಲಿ ತುಂಬಿದ ಇಂಗಾಲದ ಧೂಳನ್ನು ಮರದ ಹಲ್ಲುಕಡ್ಡಿಯಿಂದ ತೆಗೆಯಬಹುದು. ಬಹು ಹಳೆಯ ಎಂಜಿನು ಮಂದವಾಗಿ ಓಡುತ್ತ ಹೆಚ್ಚು ಬಿಸಿಯಾಗುವುದಾದರೆ ಅದರ ಅಯಸ್ಕಾಂತವು ಬಲಗುಂದಿರಬಹುದು. ಕಾರಣವಿಲ್ಲದೆ ಆರ್ಮೇಚರನ್ನು ಹೊರತೆಗೆಯುವುದರಿಂದಲೂ ಕೆಲವು ಹಳೆಯ ಅಯಸ್ಕಾಂತಗಳು ಹೀಗಾಗುವುವು.

ಈಚಿನ ಎಂಜಿನುಗಳನ್ನು ಕೊಳ್ಳುವವರಿಗೆ ಒಂದು ಮಾತು. ಡಿಕೋಡರ್ ಇರುವ ಎಂಜಿನನ್ನು ಅನಲಾಗ್ ಹಳಿಯ ಮೇಲಿಟ್ಟರೆ, ಗುಂಡಿಯನ್ನು ಅರ್ಧದಷ್ಟು ತಿರುಗಿಸುವ ತನಕ ಅದು ಕದಲದೆ ಇರಬಹುದು, ಏಕೆಂದರೆ ಮೊದಲ ಕೆಲವು ವೋಲ್ಟುಗಳು ಡಿಕೋಡರನ್ನು ಎಚ್ಚರಿಸುವುದಕ್ಕೇ ಬೇಕು. ಅನಲಾಗ್ ಪ್ರವಾಹವನ್ನು ಸ್ವೀಕರಿಸದಂತೆ ಡಿಕೋಡರನ್ನು ಗೊತ್ತುಮಾಡಿದ್ದರೆ ಅದು ಓಡುವುದೇ ಇಲ್ಲ. ಎರಡೂ ಕೆಟ್ಟುಹೋದುದರ ಲಕ್ಷಣವಲ್ಲ.

ಎಣ್ಣೆಯ ವಿಷಯದಲ್ಲಿ ನಾನು ಪಾಠ ಕಲಿತವಳು. ಅಚ್ಚಿನ ತುದಿಗೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ತೆಳು ಎಣ್ಣೆ ಸಾಕು. ಹಳಿಗೂ ಚಕ್ರದ ಅಂಚಿಗೂ ಕಮ್ಯುಟೇಟರಿಗೂ ಅದು ಸೋಕಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಿರಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಬಂಡಿ ಓಡಿದರೂ ದೋಷವೆಲ್ಲಿತ್ತೆಂಬುದು ತಿಳಿಯದು.

“ಹೆಣ್ಣುಮಕ್ಕಳಿಗೆ ಇದೇಕೆ?” ಎಂದವರಿಗೆ ನನ್ನ ಉತ್ತರವು ಇಷ್ಟೆ. ನಿಂತುಹೋದ ವಸ್ತುವನ್ನು ಕಂಡು ಹೆದರದೆ, ಯಾರನ್ನೂ ಹಳಿಯದೆ, ಮೂಲದಿಂದ ಮೊದಲುಮಾಡಿ ದಾರಿಯುದ್ದಕ್ಕೂ ದೋಷವನ್ನು ಹುಡುಕುವ ಅಭ್ಯಾಸವು ಮನೆಯಲ್ಲಿಯೂ ಉದ್ಯೋಗದಲ್ಲಿಯೂ ಬೇಕಾದದ್ದು. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗಳನ್ನು ಮಂದಳೆನ್ನುವ ಮೊದಲು, ಅವಳಿಗೆ ನಿದ್ರೆ, ಊಟ, ಓದುವ ಬೆಳಕು, ಧೈರ್ಯದ ಮಾತು ಇವು ಸರಿಯಾಗಿ ಮುಟ್ಟುತ್ತಿರುವುವೋ ಎಂದು ಮನೆಯವರೂ ನಾವೂ ಹೀಗೆಯೇ ನೋಡತಕ್ಕದ್ದಲ್ಲವೆ?

ಆ ಹುಡುಗಿಯು ಈಗ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದಾಳೆ. ರಜೆಯಲ್ಲಿ ಬಂದಾಗಲೆಲ್ಲ ಮೊದಲು ಕಂಬಿಯ ಮೇಲೆ ಬೆರಳೆಳೆದು ನೋಡಿ, ಆಮೇಲೆ ನನ್ನ ಮುಖ ನೋಡಿ ನಗುತ್ತಾಳೆ. ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಯ ಪೆಟ್ಟಿಗೆಯಲ್ಲಿ ಮಲಗಿರುವ ಎಂಜಿನುಗಳನ್ನು ಶನಿವಾರದ ಮಧ್ಯಾಹ್ನ ಶಾಲೆಗೆ ತರಬಹುದು. ನಮ್ಮ ಮಕ್ಕಳು ಗೋಡೆಯ ಬಳಿಯಿಂದ ಆರಂಭಿಸುವರು.

— ಮುಖ್ಯೋಪಾಧ್ಯಾಯಿನಿ